ಇಷ್ಟು ಸಾಕೇ?

ಈ ಸಂಚಿಕೆಯಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ ಲೇಖನಿಯನ್ನು ಹಿಡಿದಿದ್ದೇವೆ.

ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬ್ಯಾಂಕು ಪರೀಕ್ಷೆಯ ಅಭ್ಯಾಸಪುಸ್ತಕವನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು. ಮಂಗಳೂರಿನಲ್ಲಿ 1906ರಲ್ಲಿ ಕೆನರಾ ಬ್ಯಾಂಕೂ 1924ರಲ್ಲಿ ಕರ್ಣಾಟಕ ಬ್ಯಾಂಕೂ ಹುಟ್ಟಿದ ಈ ಜಿಲ್ಲೆಯಲ್ಲಿ ಆ ಉದ್ಯೋಗಕ್ಕಿರುವ ಗೌರವವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹೆತ್ತವರಿಗೆ ಹೇಳಬೇಕಾದುದಿಲ್ಲ.

ಆ ಪುಸ್ತಕದ ಕೆಲವು ಲೆಕ್ಕಗಳು ಉತ್ತರವನ್ನೇ ಕೇಳುವುದಿಲ್ಲ. ಒಂದು ಪ್ರಶ್ನೆಯನ್ನೂ ಅದರ ಕೆಳಗೆ ಎರಡು ಹೇಳಿಕೆಗಳನ್ನೂ ಕೊಟ್ಟು, ಮೊದಲನೆಯದೊಂದೇ ಸಾಕೋ, ಎರಡನೆಯದೊಂದೇ ಸಾಕೋ, ಎರಡರಲ್ಲಿ ಯಾವುದಾದರೂ ಸಾಕೋ, ಎರಡೂ ಕೂಡಿಯೇ ಬೇಕೋ, ಕೂಡಿದರೂ ಸಾಲದೋ ಎಂದು ಮಾತ್ರ ಕೇಳುತ್ತವೆ. ಅವಳು ತೋರಿಸಿದ ಲೆಕ್ಕವಿದು: ಒಬ್ಬಳು ತಲಾ 12 ರೂಪಾಯಿಯ ಪುಸ್ತಕಗಳನ್ನೂ ತಲಾ 7 ರೂಪಾಯಿಯ ಲೇಖನಿಗಳನ್ನೂ ಕೊಂಡಳು. ಲೇಖನಿಗಳೆಷ್ಟು? ಮೊದಲನೆಯ ಹೇಳಿಕೆ: ಒಟ್ಟು ಖರ್ಚು 74 ರೂಪಾಯಿ. ಎರಡನೆಯದು: ಒಟ್ಟು ವಸ್ತುಗಳು 7.

"ಅವ್ಯಕ್ತರಾಶಿಗಳು ಎರಡಾದರೆ ಸಮೀಕರಣಗಳೂ ಎರಡು ಬೇಕು; ಆದುದರಿಂದ ಎರಡೂ ಕೂಡಿಯೇ ಬೇಕು" ಎಂದು ನಾವು ತಟ್ಟನೆ ಹೇಳಿಬಿಟ್ಟೆವು. ಅದು ನಾವು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದ ವಾಕ್ಯ.

"ಟೀಚರ್, ಅರ್ಧ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲವಲ್ಲಾ?" ಎಂದು ಅವಳು ಮೆಲ್ಲನೆ ಕೇಳಿದಳು.

ನಾವು ಸುಮ್ಮನಾದೆವು. 74ರಿಂದ ಹನ್ನೆರಡು ಹನ್ನೆರಡಾಗಿ ಕಳೆಯುತ್ತ ಹೋದರೆ 62, 50, 38, 26, 14, 2 ಉಳಿಯುತ್ತವೆ. ಇವುಗಳಲ್ಲಿ ಏಳರಿಂದ ನಿಶ್ಶೇಷವಾಗಿ ಭಾಗವಾಗುವುದು 14 ಒಂದೇ. ಪುಸ್ತಕಗಳು ಐದು, ಲೇಖನಿಗಳು ಎರಡು. ಮೊದಲನೆಯ ಹೇಳಿಕೆಯೊಂದೇ ಸಾಕು! ಎರಡನೆಯದೊಂದೇ ಆದರೆ ಸಾಲದು.

ಇದರ ವಿಪರೀತವೂ ಉಂಟು. ಎರಡು ಪುಸ್ತಕ ಮೂರು ಲೇಖನಿಗಳಿಗೆ 45 ರೂಪಾಯಿ, ನಾಲ್ಕು ಪುಸ್ತಕ ಆರು ಲೇಖನಿಗಳಿಗೆ 90 ರೂಪಾಯಿ ಎಂದರೆ ಸಮೀಕರಣಗಳು ಎರಡಾದರೂ ಸಂಗತಿ ಒಂದೇ, ಬೆಲೆಗಳು ತಿಳಿಯುವುದಿಲ್ಲ. ಒಂದು ಸಂಖ್ಯೆಯ ವರ್ಗವು 16 ಎಂದಾಗ ಆ ಸಂಖ್ಯೆ 4 ಆಗಿರಬಹುದು, ಋಣ 4 ಕೂಡ ಆಗಿರಬಹುದು. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಜೈನ ವಿದ್ವಾಂಸ ಮಹಾವೀರಾಚಾರ್ಯರು ವರ್ಗಮೂಲಕ್ಕೆ ಧನ, ಋಣ ಎಂಬ ಎರಡು ಬಗೆಗಳನ್ನು ಹೇಳಿದ್ದಾರೆ. ಪೂರ್ಣಸಂಖ್ಯೆಗಳಲ್ಲೇ ಬಿಡಿಸತಕ್ಕ ಲೆಕ್ಕಗಳನ್ನು ಕುಟ್ಟೀಕಾರವೆಂಬ ಹೆಸರಿನಲ್ಲಿ ವಿವರಿಸಿದ್ದಾರೆ. ಮೂಡಬಿದಿರೆಯ ಬಸದಿಗಳ ನೆರಳಿನಲ್ಲಿ ಬೆಳೆದ ಮಕ್ಕಳು ಈ ಹೆಸರನ್ನು ಅರಿತಿರಬೇಕು.

ಆದರೆ ಆ ದಿನ ನಮ್ಮ ಮನಸ್ಸನ್ನು ಕಲಕಿದ ಲೆಕ್ಕ ಬೇರೆಯದು. ಇದೇ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ದಿನವೂ ತಡವಾಗಿ ಬರುತ್ತಿದ್ದಳು. ಅವಳನ್ನು ಹೊರಗೆ ನಿಲ್ಲಿಸಿದವರು ನಾವು. ಪ್ರಗತಿಪತ್ರದಲ್ಲಿ 'ಅಲಕ್ಷ್ಯ' ಎಂದು ಬರೆದವರೂ ನಾವೇ. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದರೆಂಬುದೂ, ತಮ್ಮಂದಿರಿಗೆ ಗಂಜಿ ಬೇಯಿಸಿಟ್ಟು ಅವಳು ಬಸ್ಸಿಗೆ ಓಡುತ್ತಿದ್ದಳೆಂಬುದೂ ಅಂದಿನ ಮಾತಿನಲ್ಲಿ ತಿಳಿಯಿತು. "ಆಗ ಯಾಕೆ ಹೇಳಲಿಲ್ಲ, ಮಗಳೇ?" ಎಂದೆವು. "ನೀವು ಕೇಳಲಿಲ್ಲ, ಟೀಚರ್" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ನಮಗೆ ಅದೇ ಹೆಚ್ಚು ನೋವಾಯಿತು.

ಒಂದೇ ಹೇಳಿಕೆಯಿಂದ ನಾವು ತೀರ್ಪು ಕೊಟ್ಟಿದ್ದೆವು. ಅದು ಸಾಲದ ಹೇಳಿಕೆ.

ಈಗ ತಡವಾಗಿ ಬಂದವಳನ್ನು ಮೊದಲು ಒಳಗೆ ಕರೆದು ಕಾರಣ ಕೇಳುತ್ತೇವೆ. ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೇ: ಮನೆಯ ಕಷ್ಟವನ್ನು ನಮಗೆ ತಿಳಿಸಲು ಸಂಕೋಚಪಡಬೇಡಿರಿ. ಎರಡನೆಯ ಹೇಳಿಕೆ ನಿಮ್ಮಲ್ಲಿರುತ್ತದೆ.

ಆ ಹುಡುಗಿಯ ಪರೀಕ್ಷೆಯ ಫಲಿತಾಂಶ ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ. ಅವಳೊಡನೆ ನಾವೂ ಕಾಯುತ್ತಿದ್ದೇವೆ.