ಗಂಗೋತ್ರಿಯ ಹಸುರಿನಂಚಿನಲ್ಲಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ನೆರೆಯಲ್ಲಿ ಹರಡಿಕೊಂಡಿರುವ ವಿಶ್ವವಿದ್ಯಾನಿಲಯದ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂಬ ಹೆಸರನ್ನಿತ್ತವರು ಕುವೆಂಪು. ಆ ಆವರಣದೊಳಗೆ ಗ್ರಂಥಗಳ ಗೊಡವೆಯಿಲ್ಲದ ಒಂದು ತಾಣವುಂಟು. ಅದು ಮರಗಳು ಕಾವಲು ನಿಂತಂತಿರುವ ಒಂದು ಕ್ರಿಕೆಟ್ ಮೈದಾನ. ಬಹುಕಾಲ ‘ಗಂಗೋತ್ರಿ ಗ್ಲೇಡ್ಸ್’ ಎಂದು ಕರೆಯಿಸಿಕೊಂಡ ಈ ಮೈದಾನ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತಿದೆ. ಹೆಸರು ಯಾವುದಾದರೇನು, ಚಳಿಗಾಲದ ಬೆಳಗಿನಲ್ಲಿ ಬಿಳಿಯುಡುಪಿನ ಹನ್ನೊಂದು ಮಂದಿ ಆ ಹಸುರಿನ ಮೇಲೆ ಹೆಜ್ಜೆಯಿಟ್ಟಾಗ, ಕೈಯಲ್ಲಿ ಕ್ಯಾಮೆರಾ ಉಳ್ಳವನಿಗೆ ಅದನ್ನು ಕಣ್ಣಿಗೆ ಏರಿಸದೆ ಇರುವುದು ಕಷ್ಟ.

ಏರಿಸಿದವನಿಗೆ ಮೊದಲು ದೊರೆಯುವುದು ನಿರಾಶೆ. ಮೈದಾನದ ನಡುವಿನ ದಾಂಡಿಗನಿಗೂ ಅಂಚಿನಲ್ಲಿ ಕುಳಿತ ಪ್ರೇಕ್ಷಕನಿಗೂ ಎಪ್ಪತ್ತು ಎಂಬತ್ತು ಗಜಗಳ ಅಂತರ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಹೊಡೆತ ಚಿತ್ರದಲ್ಲಿ ಅಕ್ಕಿಕಾಳಾಗುತ್ತದೆ. ಮನೆಗೆ ಹೋಗಿ ತೋರಿಸಿದರೆ, “ಇದರಲ್ಲಿ ಆಟಗಾರ ಎಲ್ಲಿದ್ದಾನೆ?” ಎಂದು ಮಡದಿ ಕೇಳುತ್ತಾಳೆ, ಆ ಪ್ರಶ್ನೆಗೆ ಬೆರಳಿಟ್ಟು ಉತ್ತರ ಹೇಳಬೇಕಾಗುತ್ತದೆ. ಆಗ ಹವ್ಯಾಸಿಯ ಮನಸ್ಸು ಪತ್ರಿಕೆಯವರ ಮೊಳದುದ್ದದ ಮಸೂರಗಳತ್ತ ಹರಿಯುವುದು ಸಹಜ. ಆದರೆ ದೊಡ್ಡ ಪಂದ್ಯಗಳಲ್ಲಿ ಅಂತಹ ಮಸೂರಗಳನ್ನು ಪ್ರೇಕ್ಷಕರು ಒಳಗೆ ಒಯ್ಯಲು ಬಹುತೇಕ ಕಡೆ ಬಿಡುವುದಿಲ್ಲ. ಕೊಂಡರೂ ಹಣ ವ್ಯರ್ಥವಾದೀತು, ಏಕೆಂದರೆ ಕೊರತೆಯಿರುವುದು ಮಸೂರದಲ್ಲಿ ಅಲ್ಲ, ಕುಳಿತ ಜಾಗದಲ್ಲಿ.

ಆಟಗಾರನ ಕಣ್ಣಿಗೆ ನೇರ ಬಿಸಿಲು ಹೊಡೆಯದಿರಲೆಂದು ಪಿಚ್ಚನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಸುತ್ತಾರೆ. ಈ ಒಂದು ಸಂಗತಿಯನ್ನು ಅರಿತವನು ಅರ್ಧ ಕೆಲಸ ಮುಗಿಸಿದಂತೆ. ಮಧ್ಯಾಹ್ನದ ಮೇಲೆ ಪಶ್ಚಿಮದ ಸಾಲಿನಲ್ಲಿ ಕುಳಿತರೆ ಸೂರ್ಯ ಬೆನ್ನ ಹಿಂದೆ. ಮುಖಗಳು ಚೆನ್ನಾಗಿ ಬೆಳಗುತ್ತವೆ, ಆದರೆ ಚಿತ್ರ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆ. ಪೂರ್ವದ ಸಾಲಿನಲ್ಲಿ ಬಿಸಿಲಿಗೆದುರಾಗಿ ಕುಳಿತವನಿಗೆ ಕಣ್ಣು ಕುಕ್ಕುವುದು ನಿಜ, ಬೆವರುವುದೂ ನಿಜ. ಆದರೆ ಅವನಿಗೆ ಆಟಗಾರರ ಭುಜಗಳ ಮೇಲೆ ಬೆಳಕಿನ ಅಂಚು ಕಾಣುತ್ತದೆ, ಅವರ ನೆರಳುಗಳು ಉದ್ದವಾಗಿ ಅವನ ಕಡೆಗೇ ಹರಿದುಬರುತ್ತವೆ. ಸಂಜೆಯ ಆಟಕ್ಕೆ ಆ ಕಷ್ಟದ ಪೀಠವೇ ಮೇಲು.

ಪಿಚ್ಚಿಗೆ ನೇರವಾಗಿ, ಬೌಲರನ ಬೆನ್ನ ಹಿಂದೆ ಕುಳಿತರೆ ಆಟ ಚೆನ್ನಾಗಿ ಕಾಣುವುದೆಂದು ಬಲ್ಲವರು ಹೇಳುತ್ತಾರೆ. ಆಟಕ್ಕೆ ಅದು ಸರಿ, ಚಿತ್ರಕ್ಕೆ ಅಲ್ಲ. ಕೆಂಪು ಚೆಂಡಿನ ಪಂದ್ಯದಲ್ಲಿ ಎರಡು ತುದಿಗೂ ಬಿಳಿಯ ತೆರೆ ನಿಂತಿರುತ್ತದೆ. ಕೆಳಗಿನ ಸಾಲಿನಿಂದ ನೋಡಿದರೆ ಬಿಳಿಯುಡುಪಿನ ದಾಂಡಿಗ ಆಚೆಯ ಬಿಳಿಯ ತೆರೆಯೊಳಗೆ ಹಾಲಿಗೆ ಬಿದ್ದ ಸಕ್ಕರೆಯಂತೆ ಕರಗುತ್ತಾನೆ. ಅದೇ ಪಕ್ಕದಿಂದ ನೋಡಿದರೆ ಗಂಗೋತ್ರಿಯ ಮರಗಳ ಕಡುಹಸುರೇ ಹಿನ್ನೆಲೆ. ಅಲ್ಲಿ ಬಿಳಿಯ ಬಟ್ಟೆ ದೀಪದಂತೆ ಬೆಳಗುತ್ತದೆ. ಕ್ಯಾಮೆರಾದ ಬೆಳಕಿನ ಲೆಕ್ಕ ಆ ಕಪ್ಪು ಮರಗಳಿಗೆ ಮರುಳಾಗಿ ಬಟ್ಟೆಯನ್ನು ಸುಟ್ಟ ಸುಣ್ಣದಂತೆ ಮಾಡದ ಹಾಗೆ ಬೆಳಕನ್ನು ಒಂದಿಷ್ಟು ತಗ್ಗಿಸಿಕೊಳ್ಳಬೇಕು, ಅಷ್ಟೆ. ಮೇಲೆ ಹತ್ತಿ ಕುಳಿತವನಿಗೆ ಮರಗಳೂ ಹಿಂದೆ ಸರಿದು, ಹುಲ್ಲೇ ಹಿನ್ನೆಲೆಯಾಗಿ ನಿಲ್ಲುತ್ತದೆ. ಹತ್ತು ಮೆಟ್ಟಿಲು ಏರಿ ಇಳಿದರೆ ಒಂದೇ ಆಟ ಎರಡು ಚಿತ್ರಗಳಾಗುತ್ತದೆ. ಬಹುಮಂದಿ ಮಾತ್ರ ಬೆಳಿಗ್ಗೆ ಕುಳಿತ ಜಾಗದಿಂದ ಸಂಜೆಯವರೆಗೆ ಅಲುಗುವುದಿಲ್ಲ. ಪಕ್ಕದವರು ಆಸನ ಹಿಡಿದಾರೆಂಬ ಭಯ!

ಇನ್ನು ಸಮಯದ ಮಾತು. ವೇಗದ ಬೌಲರನ ಕೈಯಿಂದ ಹೊರಟ ಚೆಂಡು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡು ಸಾಕು. ದಾಂಡು ಚೆಂಡಿಗೆ ತಗುಲಿದ ಮೇಲೆ ಗುಂಡಿ ಒತ್ತುವವನಿಗೆ ದೊರೆಯುವುದು, ಆಡಿ ಮುಗಿಸಿ ಸುಮ್ಮನೆ ನಿಂತ ಮನುಷ್ಯ. ಬೌಲರನ ಕೈ ತಿರುಗಿ ಬರುವಾಗಲೇ ಬೆರಳು ಸಿದ್ಧವಾಗಬೇಕು. ಓಡುವವನ ಮುಂದೆ ಅವನು ಓಡಿ ಸೇರಬೇಕಾದ ಸ್ಥಳವನ್ನೂ ಚೌಕಟ್ಟಿನಲ್ಲಿ ಉಳಿಸಬೇಕು. ಹಾಗೆ ಉಳಿಸದಿದ್ದರೆ ಅವನು ಚಿತ್ರದ ಅಂಚಿಗೆ ಮೂಗು ಬಡಿದುಕೊಂಡಂತೆ ಕಾಣುತ್ತಾನೆ.

ಆದರೂ ಪ್ರೇಕ್ಷಕರ ಸಾಲಿನ ನಿಜವಾದ ಸಂಪತ್ತು ಇವಾವುವೂ ಅಲ್ಲ. ಗಡಿಗೆರೆಯ ಬಳಿ ಕುಳಿತ ಪತ್ರಿಕಾ ಛಾಯಾಗ್ರಾಹಕನಿಗೆ ಆಟಗಾರನ ಹುಬ್ಬಿನ ಬೆವರು ಕಾಣುತ್ತದೆ. ಆದರೆ ಕೀಪರನ ಪಕ್ಕದಲ್ಲಿ ಮೊಣಕಾಲು ಬಗ್ಗಿಸಿ ನಿಂತ ಸ್ಲಿಪ್ ಸಾಲು, ದೂರದ ಒಂಟಿ ಫೀಲ್ಡರ್, ಇವರ ನಡುವೆ ಬಿಗಿದ ಮೌನ, ಇಷ್ಟನ್ನೂ ಒಂದೇ ನೋಟಕ್ಕೆ ತರಲು ಅವನ ಉದ್ದ ಮಸೂರಕ್ಕೆ ಶಕ್ಯವಿಲ್ಲ. ದೂರವೇ ಹವ್ಯಾಸಿಗೆ ದಕ್ಕಿದ ವರ. ಅದೂ ಅಲ್ಲದೆ, ಅವನ ಸುತ್ತಲೂ ಜನ! ಕೊಡೆ ಹಿಡಿದ ಅಜ್ಜ, ಕಡಲೆಕಾಯಿಯ ಪೊಟ್ಟಣ, ಮುಂದಿನ ಸಾಲಿನವನ ಎತ್ತಿದ ಕೈ. ಇವನ್ನು ಅಡ್ಡಿಯೆಂದು ಶಪಿಸುವವರೇ ಹೆಚ್ಚು. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ಕಂಡವರು ಹಾಗೆ ಶಪಿಸಲಾರರು. 1977ರಲ್ಲಿ ಪದ್ಮಶ್ರೀ ಪಡೆದ ಆ ಹಿರಿಯರು ಬಾಳುದ್ದಕ್ಕೂ ಅರಸಿದ್ದು ಸಾಮಾನ್ಯರ ಮುಖಗಳನ್ನು. ಮುಂದಿನ ಸಾಲಿನ ಕೈಯೂ ಕೊಡೆಯೂ ಚೌಕಟ್ಟಿನ ಕೆಳಗಂಚಿನಲ್ಲಿ ನೆರಳಾಗಿ ನಿಂತರೆ, ಅದರಾಚೆ ದಾಂಡಿಗನ ಸಣ್ಣತನವೇ ಚಿತ್ರದ ಅರ್ಥವಾಗುತ್ತದೆ.

ಸತ್ಯನ್ ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅದಾದ ಮರುತಿಂಗಳೇ ಈ ಮೈದಾನದಲ್ಲಿ ಕರ್ನಾಟಕಕ್ಕೂ ಮುಂಬಯಿಗೂ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಊರಿಗೆ ಊರೇ ನೆರೆಯಿತೆನ್ನಬೇಕು. ಮೊದಲ ಸರದಿಯಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕದ ಮುಂದೆ 338 ಓಟಗಳ ಗುರಿ. ಇಪ್ಪತ್ತು ವರ್ಷದ ಮನೀಷ್ ಪಾಂಡೆ 144 ಓಟ ಹೊಡೆದು ಆ ಗುರಿಯನ್ನು ಕಣ್ಣಳತೆಗೆ ತಂದರು. 2010ರ ಜನವರಿ 14, ಸಂಕ್ರಾಂತಿಯ ದಿನ. ಎಳ್ಳುಬೆಲ್ಲದ ತಟ್ಟೆ ಬಿಟ್ಟು ಬಂದವರು ಒಂದೊಂದು ಓಟಕ್ಕೂ ಎದ್ದು ಕೂರುತ್ತಿದ್ದರು. ಓಟ 331 ಆಗಿದ್ದಾಗ ಕೊನೆಯ ವಿಕೆಟ್ ಉರುಳಿತು. ಆರು ಓಟಗಳ ಸೋಲು.

ಆ ಕ್ಷಣದಲ್ಲಿ ಕ್ಯಾಮೆರಾವನ್ನು ಪಿಚ್ಚಿನ ಮೇಲೆಯೇ ನೆಟ್ಟವನಿಗೆ ಮುಂಬಯಿಯವರ ಕುಣಿತ ಸಿಕ್ಕಿತು. ಅದು ಮರುದಿನದ ಪತ್ರಿಕೆಗಳಲ್ಲಿಯೂ ಸಿಗುವಂಥದು. ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಬಲ್ಲವನಿಗೆ ಸಿಗುತ್ತಿದ್ದುದು ಬೇರೆ: ಹೊಡೆಯಲೆಂದು ಎತ್ತಿ ಅಲ್ಲಿಯೇ ನಿಂತ ಸಾವಿರಾರು ಚಪ್ಪಾಳೆಯ ಕೈಗಳು, ಅವುಗಳ ನಡುವೆ ಅಪ್ಪನ ಹೆಗಲ ಮೇಲೆ ಕುಳಿತು, ಏನಾಯಿತೆಂದು ತಿಳಿಯದೆ ಸುತ್ತಲೂ ನೋಡುವ ಒಂದು ಮಗು.