‘ಹೈ’ ಎಂದರೆ ಎಷ್ಟೆತ್ತರ?

ಇಂಗ್ಲಿಷಿನಲ್ಲಿ ‘ಹೈ’ ಎಂದು ಒಂದು ಪುಟ್ಟ ಮಾತುಂಟು. ನಿಘಂಟು ತೆರೆದವರಿಗೆ ಮೊದಲು ಸಿಕ್ಕುವ ಅರ್ಥ ‘ಎತ್ತರ’. ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟರೆ ಕ್ಷೇಮ. ಮುಂದೆ ಓದಿದಿರೋ, ಈ ಮಾತು ಬೆಟ್ಟದಿಂದ ಇಳಿದು ಕಡಲಿಗೆ ಹೋಗುತ್ತದೆ, ಕಚೇರಿಗೆ ನುಗ್ಗುತ್ತದೆ, ಕೊನೆಗೆ ಅಡಿಗೆಮನೆಯನ್ನೂ ಬಿಡುವುದಿಲ್ಲ.

ನಾವಂತೂ ಇದನ್ನು ಎಂದೋ ಮನೆಯೊಳಕ್ಕೆ ಬಿಟ್ಟುಕೊಂಡಿದ್ದೇವೆ. ಹೈಸ್ಕೂಲು, ಹೈಕೋರ್ಟು, ಹೈವೇ, ಹೈಕಮಾಂಡು, ಹೈಜಂಪು. ಇಷ್ಟರಲ್ಲಿ ನಿಜವಾಗಿ ನೆಲ ಬಿಟ್ಟು ಮೇಲೇಳುವುದು ಕಡೆಯದೊಂದೇ. ನಾನು ಓದಿದ ಹೈಸ್ಕೂಲು ಊರಿನ ತಗ್ಗಿನಲ್ಲಿತ್ತು. ಮಳೆ ಬಂದರೆ ಬೀದಿಯ ನೀರೆಲ್ಲ ನಮ್ಮ ತರಗತಿಗೇ ಹಾಜರು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಇರುವುದು ಎರಡೇ ಅಂತಸ್ತು. 1956ರಲ್ಲಿ ಮುಗಿದ ವಿಧಾನಸೌಧ ಅದರ ಎದುರಿಗೆ ಎಷ್ಟೋ ಎತ್ತರವಾಗಿ ನಿಂತಿದೆ. ಆದರೂ ‘ಹೈ’ ಎನಿಸಿಕೊಂಡದ್ದು ಕೆಂಪು ಕಟ್ಟಡವೇ.

ಇದನ್ನು ಕನ್ನಡಕ್ಕೆ ತರಲು ಹೊರಟವರ ಪಾಡು ನೋಡಿ. ಕೋರ್ಟಿನ ಮುಂದೆ ಅದು ‘ಉಚ್ಚ’ವಾಯಿತು, ಸ್ಕೂಲಿನ ಮುಂದೆ ‘ಪ್ರೌಢ’ವಾಯಿತು, ದಾರಿಗೆ ಬಂದಾಗ ‘ಹಿರಿದು’ ಎಂಬುದು ಸೇರಿ ‘ಹೆದ್ದಾರಿ’ಯಾಯಿತು, ರಾಜಕೀಯದಲ್ಲಿ ‘ವರಿಷ್ಠ’ರಾಯಿತು, ಕಡಲಿನಲ್ಲಿ ‘ಉಬ್ಬರ’ವಾಯಿತು. ಅವರಿಗೆ ಒಂದೇ ಏಣಿ ಸಾಕು. ನಮಗೆ ಮೆಟ್ಟಿಲಿಗೊಂದು ಹೆಸರು ಬೇಕು.

ಇಂಗ್ಲಿಷಿನವರ ಮನೆಯಲ್ಲಾದರೂ ಈ ಮಾತಿಗೆ ಒಂದು ನಿಲುವುಂಟೆ ಎಂದರೆ ಅದೂ ಇಲ್ಲ. ಮೈಸೂರಿನ ಮಹಾರಾಜರನ್ನು ಅವರು ‘ಹಿಸ್ ಹೈನೆಸ್’ ಎಂದರು. ಬೇಟೆಯ ಮಾಂಸವನ್ನು ದಿನಗಟ್ಟಲೆ ತೂಗುಹಾಕಿ ವಾಸನೆ ಹಿಡಿದರೆ ಅದನ್ನೂ ‘ಹೈ’ ಎಂದರು. ಅಮಲೇರಿದವನೂ ‘ಹೈ’. ‘ಹೈ ಟೀ’ ಎಂಬುದು ಅಲ್ಲಿ ದುಡಿದು ದಣಿದು ಬಂದ ಕೂಲಿಕಾರರ ಹೊಟ್ಟೆತುಂಬುವ ಸಂಜೆಯೂಟ. ಹಡಗು ಹತ್ತಿ ಇಲ್ಲಿಗೆ ಬಂದು ದೊಡ್ಡ ಹೋಟೆಲುಗಳ ಜರಬಿನ ತಿಂಡಿಯಾಯಿತು. ‘ಹೈ ಜರ್ಮನ್’ ಎಂದರೆ ಮೇಲ್ಮಟ್ಟದ ಜರ್ಮನ್ ಎಂದು ಬಹುಕಾಲ ನಂಬಿದ್ದೆ. ವಾಸ್ತವವಾಗಿ ಅದು ದಕ್ಷಿಣದ ಎತ್ತರದ ಸೀಮೆಯವರ ಮಾತು, ಅಷ್ಟೆ. ಎತ್ತರವನ್ನು ಕಂಡಕೂಡಲೇ ಶ್ರೇಷ್ಠತೆ ಎಂದುಕೊಳ್ಳುವ ಚಪಲ ನಮ್ಮೆಲ್ಲರಿಗೂ ಇದೆ. ‘ಮೇಲುಜಾತಿ’ ಎಂಬ ಮಾತನ್ನು ಕಟ್ಟಿಕೊಂಡ ನಾವು ಇಂಗ್ಲಿಷಿನವರನ್ನು ನೋಡಿ ನಗುವ ಹಾಗಿಲ್ಲ.

ಇಲ್ಲಿಯವರೆಗೆ ವಿನೋದ. ಈ ಮಾತಿನ ಇನ್ನೊಂದು ಅರ್ಥ ನಮ್ಮ ಮನೆಗೆ ಬಂದದ್ದು 1974ರಲ್ಲಿ.

ಅಮ್ಮನಿಗೆ ಆಗಾಗ ತಲೆನೋವು ಬರುತ್ತಿತ್ತು. ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆಯನ್ನು ಹಿಸುಕಿದರು. ಗಾಜಿನ ಕೊಳವೆಯಲ್ಲಿ ಪಾದರಸ ಸರಸರನೆ ಏರಿತು. “ಪ್ರೆಷರ್ ಹೈ ಇದೆ” ಎಂದು ನನ್ನ ಕಡೆ ತಿರುಗಿ ಹೇಳಿ ಚೀಟಿ ಬರೆದುಕೊಟ್ಟರು.

ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ‘ಹೈ’ ಎಂಬುದನ್ನು ಬಲ್ಲಳು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಅದಕ್ಕಾಗಿ ಅವಳ ಎರಡು ಬಳೆ ಮಾರ್ವಾಡಿಯ ಅಂಗಡಿ ಸೇರಿದ್ದವು. ದಾರಿಯಲ್ಲಿ ಕೇಳಿದಳು: “ಡಾಕ್ಟರು ಹೈ ಅಂದರಲ್ಲಪ್ಪ, ಚೆನ್ನಾಗಿದೆ ಅಂತ ತಾನೇ?”

ನನಗೆ ನಗು ಬಂತು. “ಹೌದಮ್ಮ, ನೀನೂ ಹೈಸ್ಕೂಲು ಪಾಸಾದೆ” ಎಂದೆ.

ಅವಳೂ ನಕ್ಕಳು. ಮಾರನೆಯ ದಿನ ಪಕ್ಕದ ಮನೆಯಾಕೆಗೆ, “ನನ್ನದು ಹೈ ಅಂತೆ ಕಣ್ರೀ” ಎಂದು ಹೇಳುತ್ತಿದ್ದುದು ಕೇಳಿಸಿತು. ನಾನು ಅದನ್ನು ಆಫೀಸಿನಲ್ಲಿ ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸಿದೆ. ಮಾತ್ರೆ ತಂದುಕೊಟ್ಟೆ, ಉಪ್ಪು ಕಡಿಮೆ ಮಾಡು ಎಂದೆ, ಯಾಕೆಂದು ಮಾತ್ರ ಹೇಳಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಂದಿನಂತೆ ನಡೆದವು.

ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದವಳ ಕೈಯಿಂದ ಬಟ್ಟಲು ಬಿತ್ತು. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದು ದೇವರ ಗೂಡಿನಲ್ಲಿ ವಿಭೂತಿಗಾಗಿ ಕೈಯಾಡಿಸಿದರೆ ಮಾತ್ರೆಗಳ ಪೊಟ್ಟಣ ಸಿಕ್ಕಿತು. ನಾಲ್ಕೋ ಐದೋ ಮಾತ್ರ ಖರ್ಚಾಗಿದ್ದವು. ಚೆನ್ನಾಗಿರುವವಳಿಗೆ ಮಾತ್ರೆ ಯಾಕೆ ಎಂದುಕೊಂಡಿರಬೇಕು. ತಪ್ಪು ಅವಳದಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಪಾದರಸದ ಆ ಯಂತ್ರವನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯ ರೂಪಿಸಿದ. ಕೊಳವೆಯಲ್ಲಿ ಪಾದರಸ ಎಷ್ಟು ಮಿಲಿಮೀಟರ್ ಏರಿತೋ ಅಷ್ಟು ಒತ್ತಡ. ಅಂದರೆ ಹೈಸ್ಕೂಲಿನ ‘ಹೈ’, ಹೈಕೋರ್ಟಿನ ‘ಹೈ’ ಬರಿಯ ಹೆಸರು. ಅಳೆದು ನೋಡಬಹುದಾದ ‘ಹೈ’ ಇದು. ಅಮ್ಮನದು 180 ಇತ್ತು. ಒಂದು ಗೇಣಿಗಿಂತ ಕಡಿಮೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅಷ್ಟೇ ಒತ್ತಡ ನೀರನ್ನಾದರೆ ಎಂಟು ಅಡಿ ಮೇಲಕ್ಕೆ ತಳ್ಳುತ್ತದೆ. ಅಷ್ಟು ಒತ್ತಡವನ್ನು ಒಳಗಿಟ್ಟುಕೊಂಡು ಅವಳು ನೀರು ಸೇದುತ್ತಿದ್ದಳು, ನನ್ನ ಡಬ್ಬಿಗೆ ಅನ್ನ ಕಲಸುತ್ತಿದ್ದಳು.

ಅಮ್ಮ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ಎಡಗೈಯಲ್ಲಿ ರಂಗೋಲಿ ಎಳೆಯುವುದನ್ನು ಕಲಿತಳು; ಗೆರೆಗಳು ಸೊಟ್ಟಗಿರುತ್ತಿದ್ದವು. ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ.

ಮೊನ್ನೆ ಮತ್ತೆ ನಿಘಂಟು ತಿರುವುತ್ತಿದ್ದೆ. ಯಾವ ದೇಶಕ್ಕೂ ಸೇರದ ನಡುಗಡಲನ್ನು ಇಂಗ್ಲಿಷಿನವರು ‘ಹೈ ಸೀಸ್’ ಎನ್ನುತ್ತಾರೆ. ಕಡಲಿಗೆಂಥ ಎತ್ತರ ಎಂದು ನೋಡಿದರೆ, ಲ್ಯಾಟಿನಿನಲ್ಲಿ ಎತ್ತರಕ್ಕೂ ಆಳಕ್ಕೂ ‘ಆಲ್ಟುಸ್’ ಎಂಬ ಒಂದೇ ಮಾತು. ಅದರ ಬೇರು, ಉಣಿಸಿ ಬೆಳೆಸು ಎಂಬ ಕ್ರಿಯಾಪದ. ಯಾರೋ ಉಣಿಸಿ ಸಾಕಿದ್ದರಿಂದ ಎತ್ತರವಾದದ್ದು ಎಂದು ಮೂಲದ ಅರ್ಥ. ಬಳೆ ಮಾರಿ ನನ್ನನ್ನು ಹೈಸ್ಕೂಲಿಗೆ ಕಳುಹಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನನ್ನ ಪ್ರೆಷರ್ ಕೂಡ ‘ಹೈ’. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರು ಯಾರಾದರೂ ಚೀಟಿ ತೋರಿಸಿ ಕೇಳಿದರೆ, ಅಂದು ಅಮ್ಮನಿಗೆ ಹೇಳದೆ ಹೋದದ್ದನ್ನು ಹೇಳುತ್ತೇನೆ: “ರಕ್ತದ ಒತ್ತಡ ಹೆಚ್ಚಾಗಿದೆ ಅಂತ. ಒಳ್ಳೆಯದಲ್ಲ. ದಿನಾ ತಪ್ಪದೆ ಮಾತ್ರೆ ತೊಗೊಳ್ಳಿ.”