ಕುಳೆ ಜೋಳ ಚಿಗುರಿದಾಗ ದನ ಬಿಡಬೇಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸುದ್ದಿಗೆಂದು ತಿರುಗುವ ನಮಗೆ ಮಳೆ ಕೈಕೊಟ್ಟ ವರ್ಷ ಇಂಥ ಫೋನು ಬರುತ್ತವೆ: "ಸರ್, ದಡ್ಡಿಯಾಗ ಆಕಳ ಸತ್ತೈತ್ರಿ. ಯಾರೋ ವಿಷ ಹಾಕ್ಯಾರ." ಹೋಗಿ ನೋಡಿದರೆ ಪಕ್ಕದ ಹೊಲದಲ್ಲಿ ಬಾಡಿದ ಜೋಳ, ಇಲ್ಲವೇ ಮೊಣಕಾಲುದ್ದ ಚಿಗುರಿದ ಕುಳೆ. ಅಷ್ಟರೊಳಗೆ ಎರಡು ಮನೆಗಳ ಮಾತು ನಿಂತಿರುತ್ತದೆ.

ಎಳೆ ಜೋಳದಲ್ಲಿ ಧುರಿನ್ ಎಂಬ ಅಂಶವಿದೆ. ದನ ಅದನ್ನು ಜಗಿದು ನುಂಗಿದಾಗ ಸೈನೈಡ್ ಹುಟ್ಟುತ್ತದೆ. "ಇಷ್ಟ ವರ್ಷ ತಿಂದೈತಿ, ಈಗ್ಯಾಕ ಸತ್ತಿತ್ರಿ?" ಎಂದು ಒಬ್ಬ ಅಜ್ಜಿ ನಮ್ಮನ್ನು ಕೇಳಿದ್ದರು. ನೀರಿಲ್ಲದೆ ಕುಗ್ಗಿದ ಬೆಳೆಯಲ್ಲಿ ವಿಷ ಹೆಚ್ಚುತ್ತದೆ. ಹಸಿದ ದನ ಅದನ್ನು ಗಬಗಬ ತಿನ್ನುತ್ತದೆ. ಎರಡೂ ಕೂಡಿದರೆ ಕಷ್ಟ. ಒಣಗಿದ ಮೇಲೆ ಮಳೆ ಬಿದ್ದು ಹೊಸ ಸುಳಿ ಒಡೆದಾಗಲೂ ಅಪಾಯ ಹೋಗಿರುವುದಿಲ್ಲ.

ತಿಂದ ಕೆಲವೇ ನಿಮಿಷಗಳಲ್ಲಿ ಏದುಸಿರು, ಬಾಯಲ್ಲಿ ನೊರೆ, ನಡುಕ, ತೂರಾಟ ಶುರುವಾಗುತ್ತವೆ. ದನ ಬಿದ್ದು ಕಾಲು ಬಡಿಯುತ್ತದೆ. ವಸಡು, ಕಣ್ಣಿನ ಒಳರೆಪ್ಪೆ ಮೊದಲಿಗೆ ಕೆಂಪಗೆ ಹೊಳೆಯುತ್ತವೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹ ಅದನ್ನು ಬಳಸಲಾರದು.

ಕೂಡಲೇ ಉಳಿದ ದನಗಳನ್ನು ಹೊಲದಿಂದ ಹೊರಗೆ ಹೊಡೆಯಿರಿ. ಊರಿನ ಪಶುವೈದ್ಯರಿಗೆ, ಇಲ್ಲವೇ 1962ಕ್ಕೆ ಫೋನು ಮಾಡಿ "ಜೋಳ ತಿಂದೈತಿ" ಎಂದೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಔಷಧಿಗಳನ್ನು ಅವರು ರಕ್ತನಾಳಕ್ಕೆ ಕೊಡುತ್ತಾರೆ. ಬಿದ್ದ ದನಕ್ಕೆ ಗೊಟ್ಟದಿಂದ ಎಣ್ಣೆ, ಮಜ್ಜಿಗೆ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ರಕ್ತ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ನೈಟ್ರೇಟ್ ವಿಷವಿರಬಹುದು. ಯೂರಿಯಾ ಹೆಚ್ಚು ಹಾಕಿದ ಮೇವಿನಲ್ಲಿ ಇದು ಬರುತ್ತದೆ. ಇದರ ಔಷಧಿ ಮಿಥಿಲೀನ್ ಬ್ಲೂ. ಸೈನೈಡಿಗೆ ಕೊಡುವ ನೈಟ್ರೈಟ್ ಇಲ್ಲಿ ಜೀವಕ್ಕೇ ಮುಳುವು. ಆದ್ದರಿಂದ ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ.

ಜೋಳ ಹೂವಾಡಿದ ಮೇಲೆಯೇ ಹಸಿ ಮೇವು ಕೊಯ್ಯಿರಿ. ಚೆನ್ನಾಗಿ ಒಣಗಿಸಿದರೆ ಸೈನೈಡ್ ಬಹಳ ಮಟ್ಟಿಗೆ ಇಳಿಯುತ್ತದೆ, ನೈಟ್ರೇಟ್ ಮಾತ್ರ ಇಳಿಯುವುದಿಲ್ಲ. ದಡ್ಡಿಯಿಂದ ಬಿಡುವ ಮುನ್ನ ಒಂದಿಷ್ಟು ಒಣ ಕಣಕಿ ಹಾಕಿ.

ದನ ಸತ್ತೇ ಹೋದರೆ ಹೂಳುವ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ. ವಿಮೆ ಇದ್ದರೆ ಆ ಕಾಗದ ಬೇಕಾಗುತ್ತದೆ. ನೆರೆಯವರ ಮೇಲೆ ಅನುಮಾನ ಪಡುವ ಮುಂಚೆಯೂ ಅದೇ ಕಾಗದ ನೋಡಿ.